ಮೂವರು ಜುವಾಂವ್‌ಗಳು ಮತ್ತು ಒಂದು ವಂಶವೃಕ್ಷ: ಇಗರ್ಜಿಯ ಹಳೆಯ ರಿಜಿಸ್ಟರುಗಳ ಪ್ರಕರಣ ಅಧ್ಯಯನ

ಉಡುಪಿ ಜಿಲ್ಲೆಯಲ್ಲಿ ಸ್ವರ್ಣಾ ಮತ್ತು ಸೀತಾ ನದಿಗಳ ನಡುವೆ ಹಲವು ತಲೆಮಾರುಗಳಿಂದ ನೆಲೆಸಿದ್ದ ಕೊಂಕಣಿ ಮಾತಿನ ಕ್ಯಾಥೊಲಿಕ್ ಕುಟುಂಬವೊಂದು ತನ್ನ ವಂಶಾವಳಿಯನ್ನು ಇಗರ್ಜಿಯ (ಚರ್ಚಿನ) ಹಳೆಯ ರಿಜಿಸ್ಟರುಗಳ ಆಧಾರದಿಂದ ಪರಿಶೀಲಿಸಿಕೊಂಡ ಬಗೆಯನ್ನು ಇಲ್ಲಿ ದಾಖಲಿಸಿದ್ದೇನೆ. ಕುಟುಂಬದವರ ಒಪ್ಪಿಗೆ ಪಡೆದೇ ಬರೆದಿದ್ದರೂ ಅವರ ಕುಲನಾಮ, ಗ್ರಾಮ, ಧರ್ಮಕೇಂದ್ರ (ಒಂದು ಇಗರ್ಜಿಗೆ ಸೇರಿದ ಸೀಮೆ) ಇವುಗಳನ್ನು ಹೇಳಿಲ್ಲ. ವ್ಯಕ್ತಿಗಳ ಮತ್ತು ಮನೆಗಳ ಹೆಸರುಗಳನ್ನು ಬದಲಿಸಿದ್ದೇನೆ. ಕುಟುಂಬಕ್ಕೆ ಸಂಬಂಧಿಸಿದ ಕಾಲವನ್ನು ದಶಕದ ಲೆಕ್ಕದಲ್ಲಷ್ಟೇ ಕೊಟ್ಟಿದ್ದೇನೆ. ನಾಡಿನ ಚರಿತ್ರೆಗೆ ಸೇರಿದ ಇಸವಿಗಳು ಮಾತ್ರ ಇದ್ದ ಹಾಗೆಯೇ ಇವೆ.

ಹಿನ್ನೆಲೆ

ಕೆಲಸಕ್ಕೆ ಕಾರಣರಾದವರು ಆ ಕುಟುಂಬದ ಒಬ್ಬ ನಿವೃತ್ತ ಶಿಕ್ಷಕಿ. ಮುಂಬೈ, ಕೊಲ್ಲಿ ದೇಶಗಳು, ಕೆನಡಾ ಎಂದು ಚದುರಿಹೋಗಿದ್ದ ಬಂಧುಗಳೆಲ್ಲ ಊರಿನಲ್ಲಿ ಒಮ್ಮೆ ಸೇರುವುದೆಂದೂ, ಆ ಸಂದರ್ಭಕ್ಕೆ ಕುಟುಂಬದ ಚರಿತ್ರೆಯನ್ನು ಪುಸ್ತಕವಾಗಿ ಅಚ್ಚು ಹಾಕಿಸುವುದೆಂದೂ ನಿಶ್ಚಯವಾಗಿತ್ತು. ಅವರ ಕೈಯಲ್ಲಿ ಆಗಲೇ ಒಂದು ವಂಶವೃಕ್ಷವಿತ್ತು. ಸುಮಾರು 1970ರ ದಶಕದಲ್ಲಿ ಕುಟುಂಬದ ಹಿರಿಯರೊಬ್ಬರು, ಅಜ್ಜಂದಿರಿಂದ ಕೇಳಿದ್ದನ್ನು ಆಧರಿಸಿ, ದೊಡ್ಡ ಹಾಳೆಯಲ್ಲಿ ಅಂದವಾಗಿ ಬರೆದಿಟ್ಟಿದ್ದರು. ಅದರ ತುದಿಯಲ್ಲಿ ಗೋವೆಯ ಬಾರ್ದೇಸ್ ತಾಲೂಕಿನ ಒಂದು ಗ್ರಾಮದ ಹೆಸರು, ಮತಾಂತರಕ್ಕೆ ಮುಂಚಿನದೆಂದು ಹೇಳುವ ಒಂದು ‘ಪ್ರಭು’ ಮನೆತನ, ಅದರ ಕೆಳಗೆ ಶ್ರೀರಂಗಪಟ್ಟಣದ ಸೆರೆಯಿಂದ ಮರಳಿ ಬಂದ ಜುವಾಂವ್ ಎಂಬ ಮೂಲಪುರುಷ, ಅಲ್ಲಿಂದ ಕೆಳಗೆ ಇಂದಿನವರೆಗೆ ಇಳಿದುಬರುವ ಕೊಂಬೆಗಳು. ಶಿಕ್ಷಕಿಯವರ ಅಪೇಕ್ಷೆ ಸರಳವಾಗಿತ್ತು: ಅಚ್ಚಿಗೆ ಹೋಗುವ ಮುನ್ನ ಇದರಲ್ಲಿ ಯಾವುದಕ್ಕೆ ದಾಖಲೆ ಇದೆ, ಯಾವುದಕ್ಕೆ ಇಲ್ಲ ಎಂಬುದು ತಿಳಿಯಬೇಕು.

ಇಂಥ ಹುಡುಕಾಟಕ್ಕೆ ಇಗರ್ಜಿಯ ರಿಜಿಸ್ಟರುಗಳೇ ಮುಖ್ಯ ಆಧಾರವಾಗುವುದಕ್ಕೆ ಕಾರಣವಿದೆ. ಕ್ಯಾಥೊಲಿಕ್ ಬಿಷಪ್ಪರ ಟ್ರೆಂಟ್ ಮಹಾಸಭೆಯು 1563ರಲ್ಲಿ ಪ್ರತಿ ಧರ್ಮಕೇಂದ್ರದಲ್ಲೂ ಜ್ಞಾನಸ್ನಾನ (ಮಗುವನ್ನು ಕ್ರೈಸ್ತ ಸಭೆಗೆ ಸೇರಿಸುವ ಸಂಸ್ಕಾರ) ಮತ್ತು ಮದುವೆಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ವಿಧಿಸಿತು. 1614ರ ರೋಮನ್ ವಿಧಿಗ್ರಂಥವು ಮರಣಗಳನ್ನೂ, ಮನೆಮನೆಯ ವಿಶ್ವಾಸಿಗಳ ಪಟ್ಟಿಯನ್ನೂ ಇದಕ್ಕೆ ಸೇರಿಸಿತು. ಸರ್ಕಾರವು ಜನನ ಮರಣಗಳನ್ನು ಬರೆದಿಡತೊಡಗಿದ್ದಕ್ಕಿಂತ ಎಷ್ಟೋ ಮುಂಚಿನಿಂದ, ಒಂದು ಮಗುವಿನ ತಂದೆ ತಾಯಿ ಯಾರು, ಆ ಸಂಸ್ಕಾರದಲ್ಲಿ ಮಗುವಿನ ಹೊಣೆ ಹೊತ್ತು ನಿಂತ ಜ್ಞಾನತಂದೆ ಜ್ಞಾನತಾಯಿ ಯಾರು, ಯಾವ ಹಿತ್ತಿಲಿನವರು ಎಂಬುದು ಈ ಪುಸ್ತಕಗಳಲ್ಲಿ ದಾಖಲಾಗುತ್ತಿತ್ತು.

ಆದರೆ ಕೆನರಾದ ಕ್ಯಾಥೊಲಿಕರ ವಿಷಯದಲ್ಲಿ ಈ ದಾಖಲೆಗಳ ನಡುವೆ ಒಂದು ದೊಡ್ಡ ಕಡಿತವಿದೆ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಅವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು, ಇಗರ್ಜಿಗಳನ್ನು ಕೆಡವಲಾಯಿತು. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರವೇ ಬದುಕುಳಿದವರು ಊರಿಗೆ ಮರಳತೊಡಗಿದ್ದು. ಈ ಕುಟುಂಬದ ಧರ್ಮಕೇಂದ್ರದಲ್ಲಿ ಉಳಿದಿರುವ ಅತಿ ಹಳೆಯ ರಿಜಿಸ್ಟರು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದ್ದು. ಅದಕ್ಕೂ ಹಿಂದಿನದು ಅಲ್ಲಿ ಏನೂ ಇಲ್ಲ. ವಂಶವೃಕ್ಷದ ಮೇಲಿನ ಮೂರು ಸಾಲುಗಳು ನಿಂತಿದ್ದದ್ದು ಈ ಕಡಿತದ ಆಚೆಗೆ ಎಂಬುದನ್ನು ಕೆಲಸದ ಆರಂಭದಲ್ಲೇ ಶಿಕ್ಷಕಿಯವರಿಗೆ ಸ್ಪಷ್ಟವಾಗಿ ಹೇಳಿದ್ದೆ.

ಸಮಸ್ಯೆ

ಕುಟುಂಬದ ಕುಲನಾಮವು ಕರಾವಳಿಯಲ್ಲಿ ಬಹಳ ಸಾಮಾನ್ಯವಾದದ್ದು. ಡಿಸೋಜ, ಪಿಂಟೊ, ಲೋಬೊ ಇಂಥವುಗಳ ಸಾಲಿಗೆ ಸೇರಿದ್ದು. ಮತಾಂತರದ ಕಾಲದಲ್ಲಿ ಜ್ಞಾನಸ್ನಾನ ಕೊಟ್ಟ ಪಾದ್ರಿಯದೋ ಜ್ಞಾನತಂದೆಯಾಗಿ ನಿಂತ ಪೋರ್ಚುಗೀಸನದೋ ಕುಲನಾಮವನ್ನು ಪಡೆಯುವ ರೂಢಿ ಇದ್ದುದರಿಂದ, ಒಂದೇ ಕುಲನಾಮದ ಎರಡು ಮನೆಗಳು ದಾಯಾದಿಗಳೇ ಆಗಿರಬೇಕೆಂದಿಲ್ಲ. ಅದರ ಮೇಲೆ ಇಡುವ ಹೆಸರುಗಳೂ ಕೆಲವೇ: ಪೆದ್ರು, ಜುವಾಂವ್, ಲುವಿಸ್, ಇನಾಸ್, ಮರಿಯಾ, ಅನ್ನಾ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದರಿಂದ ಅದೇ ಹೆಸರುಗಳು ತಲೆಮಾರು ಬಿಟ್ಟು ತಲೆಮಾರಿಗೆ ತಿರುಗಿ ಬರುತ್ತವೆ. ಬರೆದ ಪಾದ್ರಿ ಗೋವೆಯವರಾದರೆ ಪೋರ್ಚುಗೀಸಿನಲ್ಲಿ ಜುವಾಂವ್, ಯುರೋಪಿನ ಮಿಶನರಿಯಾದರೆ ಲ್ಯಾಟಿನ್ನಿನಲ್ಲಿ ಯೊಹಾನ್ನೆಸ್, ಇಪ್ಪತ್ತನೆಯ ಶತಮಾನಕ್ಕೆ ಬಂದರೆ ಇಂಗ್ಲಿಷಿನಲ್ಲಿ ಜಾನ್. ಮೂರೂ ಒಬ್ಬನೇ ಮನುಷ್ಯನಾಗಿರಬಹುದು, ಮೂವರು ಬೇರೆ ಬೇರೆಯೂ ಆಗಿರಬಹುದು.

ಹಾಳೆಯಲ್ಲಿದ್ದ ಮೂಲಪುರುಷ ಜುವಾಂವನಿಂದ ಕೆಳಕ್ಕೆ ಬರೋಣವೆಂದು ಕುಟುಂಬದ ಯುವಕರು ಮೊದಲು ತಾವೇ ಪ್ರಯತ್ನಿಸಿದ್ದರು. ಅದೇ ಹೆಸರು, ಅದೇ ಕುಲನಾಮದ ಮೂವರು 1830ರ ಆಸುಪಾಸಿನಲ್ಲಿ ಅದೇ ಧರ್ಮಕೇಂದ್ರದಲ್ಲಿ ಹುಟ್ಟಿದ್ದು ಕಾಣಿಸಿತು. ಅವರಲ್ಲಿ ಯಾರು ತಮ್ಮವರೆಂದು ತಿಳಿಯದೆ, ಹಾಳೆಯಲ್ಲಿದ್ದ ಹೆಂಡತಿಯ ಹೆಸರಿಗೆ ಹೊಂದುವವನನ್ನು ಆರಿಸಿದ್ದರು. ಹೆಂಡತಿಯ ಹೆಸರು ಮರಿಯಾ. ಆ ಹೆಸರಿನ ಹೆಂಡತಿಯರು ಮೂವರಲ್ಲಿ ಇಬ್ಬರಿಗಿದ್ದರು.

ಇನ್ನೊಂದು ತೊಡಕೂ ಇತ್ತು. ಶಿಕ್ಷಕಿಯವರ ಮುತ್ತಜ್ಜ ಪೆದ್ರುವಿಗೆ ಲುವಿಸ್ ಎಂಬ ಅಣ್ಣನಿದ್ದನೆಂದೂ, ಅವನು ಹೆಂಡತಿ ಮಕ್ಕಳೊಂದಿಗೆ ಘಟ್ಟದ ಮೇಲೆ ಕಾಫಿ ತೋಟಕ್ಕೆ ಹೋಗಿ ಅಲ್ಲೇ ಕಳೆದುಹೋದನೆಂದೂ ಮನೆಮಾತು. ಹಾಳೆಯಲ್ಲಿ ಅವನ ಹೆಸರಿನ ಕೆಳಗೆ ಗೆರೆಯೇ ಇರಲಿಲ್ಲ.

ಹಿಂದಕ್ಕೆ ಹೋಗುವ ನಿರ್ಧಾರ

ಮೊದಲ ನಿರ್ಧಾರ, ಹಾಳೆಯನ್ನು ಬದಿಗಿಟ್ಟು ಗೊತ್ತಿರುವವರಿಂದ ಗೊತ್ತಿಲ್ಲದವರ ಕಡೆಗೆ ಒಂದೊಂದೇ ತಲೆಮಾರು ಹಿಂದಕ್ಕೆ ಹೋಗುವುದು, ಮತ್ತು ಒಂದಕ್ಕೊಂದು ಸಂಬಂಧವಿಲ್ಲದ ಕನಿಷ್ಠ ಎರಡು ದಾಖಲೆಗಳು ಹೊಂದಿಕೊಳ್ಳುವ ತನಕ ಯಾವ ತಂದೆ–ಮಗ ಗೆರೆಯನ್ನೂ ಎಳೆಯದಿರುವುದು. ಇದಕ್ಕೆ ತಾಳ್ಮೆ ಬೇಕು. ಮೂಲಪುರುಷನ ಹೆಸರು ಕೈಯಲ್ಲೇ ಇರುವಾಗ ಅಜ್ಜನ ಜ್ಞಾನಸ್ನಾನದ ಚೀಟಿಯಿಂದ ಶುರುಮಾಡುವುದು ಮನೆಯವರಿಗೆ ಸುತ್ತುಬಳಸಿನ ದಾರಿಯಾಗಿ ಕಾಣುವುದು ಸಹಜವೇ.

ಇಗರ್ಜಿಯ ರಿಜಿಸ್ಟರುಗಳು ಸಾರ್ವಜನಿಕ ದಾಖಲೆಗಳಲ್ಲ. ಅವು ಸಂಸ್ಕಾರಗಳ ಪುಸ್ತಕಗಳು. ತೋರಿಸುವುದು ಬಿಡುವುದು ಅಲ್ಲಿನ ವಿಗಾರರ (ಧರ್ಮಕೇಂದ್ರದ ಮುಖ್ಯ ಗುರುಗಳ) ಮತ್ತು ಬಿಷಪ್ಪರ ಆಡಳಿತದ ಧರ್ಮಪ್ರಾಂತ್ಯದ ವಿವೇಚನೆಗೆ ಬಿಟ್ಟದ್ದು. ಯಾವ ಕುಟುಂಬದ ಪರವಾಗಿ, ಯಾವ ಅವಧಿಯ, ಯಾವ ಪುಸ್ತಕಗಳು ಬೇಕು, ಏನನ್ನು ಪ್ರಕಟಿಸುತ್ತೇವೆ, ಏನನ್ನು ಪ್ರಕಟಿಸುವುದಿಲ್ಲ ಎಂದು ಸ್ಪಷ್ಟವಾಗಿ ಬರೆದ ಅರ್ಜಿಯನ್ನು ಶಿಕ್ಷಕಿಯವರೇ ಕೊಟ್ಟರು. ವಿಗಾರರು ಒಪ್ಪಿದರು, ಆಫೀಸಿನಲ್ಲೇ ಕೂತು, ಪೆನ್ಸಿಲಿನಿಂದ ಬರೆದುಕೊಳ್ಳಬೇಕು, ಫೋಟೊ ತೆಗೆಯಕೂಡದು ಎಂಬ ಷರತ್ತು ಹಾಕಿದರು. ಆ ಷರತ್ತು ಪುಸ್ತಕಗಳ ಸ್ಥಿತಿಯನ್ನು ನೋಡಿದರೆ ನ್ಯಾಯವಾದದ್ದೇ. ಕರಾವಳಿಯ ಮಳೆಗಾಲದ ತೇವ, ಗೆದ್ದಲು, ಹಳೆಯ ಕಾಲದ ಕಬ್ಬಿಣದಂಶದ ಶಾಯಿ ಇವೆಲ್ಲ ಸೇರಿ ಕೆಲವು ಹಾಳೆಗಳಲ್ಲಿ ಅಕ್ಷರಗಳಿದ್ದ ಜಾಗವೇ ತೂತಾಗಿತ್ತು. ಪುಟ ತಿರುವುವಾಗ ಕೈ ನಡುಗುವಂಥ ಪುಸ್ತಕಗಳು ಅವು. ಅವನ್ನು ಎರಡು ಶತಮಾನ ಕಾಪಾಡಿಕೊಂಡು ಬಂದವರ ಬಗ್ಗೆ ನನಗೆ ಬಹಳ ಗೌರವವಿದೆ.

ನಮ್ಮ ಕುಟುಂಬದವರೆಂದು ತೋರುವ ನಮೂದುಗಳನ್ನು ಮಾತ್ರ ಹೆಕ್ಕದೆ, ಆ ಕುಲನಾಮದ ಎಲ್ಲ ನಮೂದುಗಳನ್ನೂ ಬರೆದುಕೊಳ್ಳುವುದೆಂದು ತೀರ್ಮಾನಿಸಿದೆವು. ಒಂದು ನಮೂದಿಗೆ ಒಂದು ಚೀಟಿ: ತಾರೀಕು, ಮಗು, ತಂದೆ, ತಾಯಿ, ಜ್ಞಾನತಂದೆ, ಜ್ಞಾನತಾಯಿ, ವಾಡೊ (ಊರಿನ ಕೇರಿ), ಮನೆಯ ಹೆಸರು, ಪಾದ್ರಿ. ತಂದೆ ತಾಯಿಯರ ಜೋಡಿಗೆ ಅನುಗುಣವಾಗಿ ಚೀಟಿಗಳನ್ನು ಗುಂಪು ಮಾಡುತ್ತ ಹೋದಂತೆ ಮೂವರು ಜುವಾಂವ್‌ಗಳ ಸಂಸಾರಗಳು ನಿಧಾನವಾಗಿ ಬೇರ್ಪಟ್ಟವು. ಅವರನ್ನು ಬೇರ್ಪಡಿಸಿದ್ದು ಹೆಸರುಗಳಲ್ಲ, ಜ್ಞಾನತಂದೆ ಜ್ಞಾನತಾಯಿಯರು. ಮಗುವಿಗೆ ಜ್ಞಾನತಂದೆಯಾಗಿ ನಿಲ್ಲಲು ಜನ ಅಪರಿಚಿತರನ್ನು ಕರೆಯುವುದಿಲ್ಲ. ಅಜ್ಜ, ಸೋದರಮಾವ, ಅತ್ತೆ, ದೊಡ್ಡಪ್ಪ, ನೆರೆಮನೆಯ ಹಿರಿಯ ಇಂಥವರೇ ನಿಲ್ಲುವುದು. ಮೊದಲ ಜುವಾಂವನ ಮಕ್ಕಳ ಜ್ಞಾನತಂದೆಯರು ಹೊಳೆಬದಿಯ ಒಂದು ವಾಡೊದವರು. ಎರಡನೆಯವನ ಮಕ್ಕಳದ್ದು ಸಂಪೂರ್ಣ ಬೇರೆ ವಲಯ. ಅದರಲ್ಲಿ ಪಕ್ಕದ ಧರ್ಮಕೇಂದ್ರದವರೇ ಹೆಚ್ಚು. ಮೂರನೆಯವನ ಮಕ್ಕಳ ಜ್ಞಾನಸ್ನಾನಗಳಲ್ಲಿ ‘ಮೂಡುಮನೆ’ ಮತ್ತು ‘ಪಡುಮನೆ’ ಎಂಬ ಎರಡು ಮನೆಗಳವರೇ ಮತ್ತೆ ಮತ್ತೆ ಬರುತ್ತಾರೆ.

ಮೂಡುಮನೆ ಎಂಬುದು ಶಿಕ್ಷಕಿಯವರ ಕುಟುಂಬದ ಹಿತ್ತಿಲು ಎಂದು ಹೇಳಬೇಕಾದರೆ ಇಗರ್ಜಿಯ ಹೊರಗಿನ ದಾಖಲೆ ಬೇಕಿತ್ತು. ಅದು ಸಿಕ್ಕಿದ್ದು ಭೂಮಿಯ ಕಾಗದಗಳಲ್ಲಿ. 1974ರ ಭೂಸುಧಾರಣೆಯ ನಂತರ ಗೇಣಿದಾರರು ಭೂ ನ್ಯಾಯಮಂಡಳಿಗೆ ಡಿಕ್ಲರೇಶನ್ ಹಾಕಿದ ಕಾಲದಲ್ಲಿ ಶಿಕ್ಷಕಿಯವರ ತಂದೆಯೂ ಫಾರಂ ನಂಬ್ರ 7ನ್ನು ಸಲ್ಲಿಸಿದ್ದರು. ಅದರ ಜೊತೆಗೆ ಸೇರಿಸಿದ್ದ ಹಳೆಯ ಮೂಲಗೇಣಿ (ಶಾಶ್ವತ ಗೇಣಿ) ಚೀಟಿನ ನಕಲಿನಲ್ಲಿ ಮೂಡುಮನೆಯ ಹೆಸರು, ಪೆದ್ರುವಿನ ಹೆಸರು ಮತ್ತು ಅವನ ತಂದೆ ಜುವಾಂವನ ಹೆಸರು ಕನ್ನಡದಲ್ಲಿ ಸ್ಪಷ್ಟವಾಗಿ ಇದ್ದವು. ಕರಾವಳಿಯಲ್ಲಿ ವಂಶ ಹುಡುಕುವವರು ಈ ಡಿಕ್ಲರೇಶನ್ ಫೈಲುಗಳನ್ನು ಸಾಮಾನ್ಯವಾಗಿ ನೆನಪಿಸಿಕೊಳ್ಳುವುದಿಲ್ಲ. ಜಾಗ ಎಷ್ಟು ತಲೆಮಾರಿನಿಂದ ತಮ್ಮ ಸ್ವಾಧೀನದಲ್ಲಿದೆ ಎಂದು ತೋರಿಸಲು ಜನ ಪೆಟ್ಟಿಗೆಯ ತಳದಲ್ಲಿದ್ದ ಕಾಗದಗಳನ್ನೆಲ್ಲ ಆಗ ಹೊರತೆಗೆದಿದ್ದರು ಎಂಬುದನ್ನು ಯೋಚಿಸಿದರೆ ಅವುಗಳ ಬೆಲೆ ತಿಳಿಯುತ್ತದೆ.

ಹೀಗೆ ಮೂರನೆಯ ಜುವಾಂವನೇ ಈ ಕುಟುಂಬದವನು ಎಂಬುದು ಖಚಿತವಾಯಿತು. ಯುವಕರು ಆರಿಸಿದ್ದವನು ಎರಡನೆಯವನು.

ಲುವಿಸ್ ಎಲ್ಲಿಗೆ ಹೋದ

ಲುವಿಸನ ಮಕ್ಕಳ ಜ್ಞಾನಸ್ನಾನಗಳು 1880ರ ದಶಕದ ನಡುವಿನವರೆಗೆ ಕ್ರಮವಾಗಿ ಸಿಗುತ್ತವೆ. ಅಲ್ಲಿಂದ ಮುಂದೆ ಆ ಸಂಸಾರದ ಸುದ್ದಿಯೇ ಇಲ್ಲ. ಮರಣದ ಪುಸ್ತಕದಲ್ಲಿ ಅವನಿಲ್ಲ, ಹೆಂಡತಿಯಿಲ್ಲ. ಅವನ ಹೆಣ್ಣುಮಕ್ಕಳ ಮದುವೆಗಳೂ ಇಲ್ಲ. ಮನೆಮಾತಿನಂತೆ ಘಟ್ಟದ ಮೇಲೆ ಹೋಗಿದ್ದರೆ ಅಲ್ಲಿನ ಇಗರ್ಜಿಗಳಲ್ಲಿ ಮಕ್ಕಳ ಮದುವೆಗಳಾದರೂ ದಾಖಲಾಗಿರಬೇಕು. ಚಿಕ್ಕಮಗಳೂರು ಕಡೆಯ ಧರ್ಮಕೇಂದ್ರಗಳಲ್ಲಿ ಪತ್ರದ ಮೂಲಕವೂ ನೇರವಾಗಿಯೂ ವಿಚಾರಿಸಲಾಯಿತು. ಅಲ್ಲಿಂದ ಏನೂ ಬರಲಿಲ್ಲ.

ಈ ಹಂತದಲ್ಲಿ ನಾವು ಕೇಳಿಕೊಂಡ ಪ್ರಶ್ನೆ ಬದಲಾಯಿತು, ಮತ್ತು ಇಡೀ ಪ್ರಕರಣದ ತಿರುವು ಇದೇ ಎಂದು ನನ್ನ ಎಣಿಕೆ. ಲುವಿಸ್ ಯಾವ ಊರಿಗೆ ಹೋದ ಎಂದು ಕೇಳುವುದನ್ನು ಬಿಟ್ಟು, ಆ ವರ್ಷಗಳಲ್ಲಿ ಈ ಊರಿನ ಇಗರ್ಜಿ ಯಾರ ಅಧಿಕಾರದಲ್ಲಿತ್ತು ಎಂದು ಕೇಳಿದೆವು.

ಕೆನರಾದ ಕ್ಯಾಥೊಲಿಕರು ಬಹುಕಾಲ ಗೋವೆಯ ಆರ್ಚ್‌ಬಿಷಪ್ಪರ ಅಧೀನದಲ್ಲಿದ್ದರು. ಪೋರ್ಚುಗಲ್ಲಿನ ದೊರೆಗೆ ಪೋಪರು ಕೊಟ್ಟಿದ್ದ ಪಾದ್ರೊವಾದೊ ಹಕ್ಕಿನ, ಅಂದರೆ ಇಲ್ಲಿನ ಇಗರ್ಜಿಗಳ ಪೋಷಕತ್ವದ ಹಕ್ಕಿನ, ಫಲವದು. 1838ರಲ್ಲಿ ಪೋಪ್ ಹದಿನಾರನೆಯ ಗ್ರೆಗರಿ ಹೊರಡಿಸಿದ ಆಜ್ಞೆಯ ನಂತರ ಮಂಗಳೂರು ಕೇರಳದ ವರಾಪುಳದಲ್ಲಿದ್ದ, ಕಾರ್ಮೆಲೈಟ್ ಸನ್ಯಾಸಿಗಳ ವಿಕಾರಿಯೇಟಿಗೆ, ಅಂದರೆ ಮಿಶನ್ ಪ್ರದೇಶಗಳನ್ನು ನೋಡಿಕೊಳ್ಳುವ ರೋಮಿನ ಪ್ರೊಪಗಾಂಡ ಸಭೆಯ ನೇರ ಆಡಳಿತಕ್ಕೆ ಸೇರಿತು. ಎಲ್ಲರೂ ಒಪ್ಪಲಿಲ್ಲ, ಗೋವೆಯನ್ನೇ ಹಿಡಿದುಕೊಂಡ ಇಗರ್ಜಿಗಳೂ ಮನೆತನಗಳೂ ಉಳಿದವು. ಒಂದೇ ಸೀಮೆಯಲ್ಲಿ ಗೋವೆಗೆ ಸೇರಿದ ಇಗರ್ಜಿಯೊಂದು, ಮಂಗಳೂರಿಗೆ ಸೇರಿದ ಇಗರ್ಜಿ ಇನ್ನೊಂದು ಎಂಬ ಸ್ಥಿತಿ ದಶಕಗಳ ಕಾಲ ಇತ್ತು. 1878ರ ಕೊನೆಗೆ ಮಂಗಳೂರಿಗೆ ಜೆಸುಯಿಟರು ಬಂದರು. 1886ರಲ್ಲಿ ಪೋರ್ಚುಗಲ್ ಮತ್ತು ರೋಮಿನ ನಡುವೆ ಹೊಸ ಒಪ್ಪಂದವಾಗಿ, ಅದೇ ವರ್ಷ ಮಂಗಳೂರು ಧರ್ಮಪ್ರಾಂತ್ಯವಾಯಿತು; ಇಲ್ಲಿನ ಪಾದ್ರೊವಾದೊ ಇಗರ್ಜಿಗಳು ಮಂಗಳೂರಿನ ಬಿಷಪ್ಪರಿಗೆ ಸೇರಬೇಕಾಯಿತು. ಗೋವೆಯ ಪಾದ್ರಿ ಆಲ್ವಾರಿಸ್ ಇದನ್ನು ವಿರೋಧಿಸಿ, 1889ರಲ್ಲಿ ಸಿರಿಯನ್ ಆರ್ಥೊಡಾಕ್ಸ್ ಬಿಷಪ್ಪರಿಂದ ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ ಅಭಿಷೇಕ ಪಡೆದರು. ಬ್ರಹ್ಮಾವರದಲ್ಲಿ ಪಾದ್ರಿ ರೋಕ್ ಝೆಫ್ರಿನ್ ನೊರೊನ್ಹಾ ಅವರ ನೇತೃತ್ವದಲ್ಲಿ ಅನೇಕ ಕೊಂಕಣಿ ಕುಟುಂಬಗಳು ಅವರ ಜೊತೆ ಹೋದವು. ಆ ಸಮುದಾಯ ಇಂದಿಗೂ ಮಲಂಕರ ಆರ್ಥೊಡಾಕ್ಸ್ ಸಿರಿಯನ್ ಚರ್ಚಿನ ಅಂಗವಾಗಿ ಅಲ್ಲಿ ಬಾಳುತ್ತಿದೆ.

ಲುವಿಸನ ಸಂಸಾರ ಕಾಣೆಯಾದ ಕಾಲ ಇದಕ್ಕೆ ನಿಖರವಾಗಿ ಹೊಂದುತ್ತಿತ್ತು. ಕಾಲ ಹೊಂದಿದ ಮಾತ್ರಕ್ಕೆ ಪುರಾವೆಯಾಗುವುದಿಲ್ಲವಾದರೂ, ಹುಡುಕಬೇಕಾದ ಪುಸ್ತಕ ಬೇರೊಂದು ಸಭೆಯ ಕಪಾಟಿನಲ್ಲಿರಬಹುದು ಎಂಬ ಅರಿವಂತೂ ಬಂತು.

ಇದನ್ನು ಶಿಕ್ಷಕಿಯವರಿಗೆ ಹೇಳಿದಾಗ ಅವರು ಕೂಡಲೇ ಒಪ್ಪಿದರು. ಅವರ ಚಿಕ್ಕಪ್ಪ ಒಪ್ಪಲಿಲ್ಲ. “ನಮ್ಮವರು ಹಾಗೆ ಇಗರ್ಜಿ ಬಿಟ್ಟು ಹೋಗುವವರಲ್ಲ. ಘಟ್ಟಕ್ಕೆ ಹೋದರೆಂದು ನನ್ನ ಅಜ್ಜಿಯೇ ಹೇಳಿದ್ದಾರೆ” ಎಂದರು. ಅವರ ಮಾತಿನ ಹಿಂದಿನ ನೋವನ್ನು ಅರ್ಥಮಾಡಿಕೊಳ್ಳಬೇಕು: ಆ ಬೇರ್ಪಡೆ ಹಳ್ಳಿಗಳಲ್ಲಿ ಅಣ್ಣತಮ್ಮಂದಿರ ನಡುವೆಯೇ ನಡೆದದ್ದು, ನೀರು ಬೆಂಕಿ ಕೂಡ ನಿಂತುಹೋದ ಮನೆಗಳಿದ್ದವು. ಘಟ್ಟದ ಕಥೆ ಆ ಮುರಿತವನ್ನು ಮುಚ್ಚಲು ಹುಟ್ಟಿದ್ದಿರಬಹುದು ಎಂದು ನನಗೆ ಅನ್ನಿಸಿದರೂ, ಹಿರಿಯರ ಮುಂದೆ ಅದನ್ನು ಆಡಲಿಲ್ಲ. ಚೀಟಿಗಳು ಹೇಳುವವರೆಗೆ ಹಾಗೆ ಹೇಳುವ ಅಧಿಕಾರ ನನಗಿರಲಿಲ್ಲ.

ಆರ್ಥೊಡಾಕ್ಸ್ ಸಭೆಯ ಗುರುಗಳು ವಿಷಯ ಕೇಳಿ, ತಾವಾಗಿಯೇ ಪುಸ್ತಕ ತೆಗೆದು ನೋಡಿದರು. 1890ರ ದಶಕದಲ್ಲಿ ಲುವಿಸ್ ಮತ್ತು ಕ್ಯಾಥೊಲಿಕ್ ಪುಸ್ತಕದಲ್ಲಿದ್ದ ಅದೇ ಹೆಸರಿನ ಅವನ ಹೆಂಡತಿಯ ಇಬ್ಬರು ಮಕ್ಕಳ ಜ್ಞಾನಸ್ನಾನಗಳಿದ್ದವು. ನಮ್ಮ ನಿಯಮದ ಪ್ರಕಾರ ಇದು ಒಂದು ದಾಖಲೆ ಮಾತ್ರ. ಎರಡನೆಯದು ಆ ವಂಶದ ಒಬ್ಬ ಹಿರಿಯರ ಮನೆಯಲ್ಲಿ ಸಿಕ್ಕಿತು. ಅವರ ಹಳೆಯ ಪ್ರಾರ್ಥನಾ ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಲುವಿಸ್ ತನ್ನ ಎಲ್ಲ ಮಕ್ಕಳ ಹುಟ್ಟಿದ ದಿನಗಳನ್ನು ಕನ್ನಡ ಲಿಪಿಯ ಕೊಂಕಣಿಯಲ್ಲಿ ಬರೆದಿಟ್ಟಿದ್ದ. ಮೊದಲ ಮಕ್ಕಳ ದಿನಾಂಕಗಳು ಕ್ಯಾಥೊಲಿಕ್ ರಿಜಿಸ್ಟರಿಗೂ, ಕೊನೆಯ ಇಬ್ಬರದ್ದು ಆರ್ಥೊಡಾಕ್ಸ್ ರಿಜಿಸ್ಟರಿಗೂ ದಿನ ತಪ್ಪದೆ ಹೊಂದಿದವು. ಅಣ್ಣನ ಮನೆ ತಮ್ಮನ ಮನೆಯಿಂದ ಹೆಚ್ಚು ದೂರದಲ್ಲೇನೂ ಇರಲಿಲ್ಲ. “ಹೊಳೆಯಾಚೆ ನಮ್ಮವರಿದ್ದಾರೆ ಅಂತ ನಮ್ಮ ಅಜ್ಜ ಹೇಳುತ್ತಿದ್ದರು ಟೀಚರ್, ಯಾರು ಅಂತ ಮಾತ್ರ ಹೇಳುತ್ತಿರಲಿಲ್ಲ” ಎಂದರು ಆ ಹಿರಿಯರು.

ಮದುವೆಯ ವಿನಾಯಿತಿ

ಇನ್ನುಳಿದದ್ದು ಮೇಲ್ಭಾಗ. ಮೂರನೆಯ ಜುವಾಂವನ ಮದುವೆ 1850ರ ದಶಕದ್ದು. ವಧು ಪಡುಮನೆಯವಳು, ಅವಳದ್ದೂ ಅದೇ ಕುಲನಾಮ. ಮದುವೆಯ ನಮೂದಿನಲ್ಲಿ ಒಂದು ಸಣ್ಣ ವಾಕ್ಯವಿತ್ತು: ರಕ್ತಸಂಬಂಧದ ಮೂರನೆಯ ಹಂತಕ್ಕೆ ವಿನಾಯಿತಿ ಪಡೆದು ಈ ಮದುವೆ ನೆರವೇರಿದೆ ಎಂದು.

ಈ ವಾಕ್ಯವನ್ನು ಓದುವ ಕ್ರಮ ತಿಳಿದಿರಬೇಕು. 1215ರ ಲ್ಯಾಟರನ್ ಮಹಾಸಭೆಯ ನಂತರ 1917ರ ಕ್ಯಾನನ್ ಕಾನೂನು ಸಂಹಿತೆಯವರೆಗೆ ನಾಲ್ಕನೆಯ ಹಂತದ ತನಕ ರಕ್ತಸಂಬಂಧಿಗಳ ನಡುವೆ ಮದುವೆಗೆ ನಿಷೇಧವಿತ್ತು. ಅಗತ್ಯವಿದ್ದಲ್ಲಿ ಅಧಿಕಾರವುಳ್ಳವರು ವಿನಾಯಿತಿ ಕೊಡುತ್ತಿದ್ದರು. ಹಂತವನ್ನು ಎಣಿಸುತ್ತಿದ್ದದ್ದು ಸಮಾನ ಪೂರ್ವಜರಿಂದ ಕೆಳಕ್ಕೆ ತಲೆಮಾರುಗಳ ಲೆಕ್ಕದಲ್ಲಿ. ಅಣ್ಣತಮ್ಮಂದಿರ ಮಕ್ಕಳು ಪರಸ್ಪರ ಎರಡನೆಯ ಹಂತ, ಅವರ ಮಕ್ಕಳು ಮೂರನೆಯ ಹಂತ. ಎಂದರೆ ಈ ವಧು ವರರಿಗೆ ಮುತ್ತಜ್ಜ ಮುತ್ತಜ್ಜಿಯರ ಒಂದು ಜೋಡಿಯಾದರೂ ಸಮಾನವಾಗಿತ್ತು. ವಧು ವರರು 1830ರ ಆಸುಪಾಸಿನವರು. ತಲೆಮಾರಿಗೆ ಇಪ್ಪತ್ತೈದು ಮೂವತ್ತು ವರ್ಷಗಳಂತೆ ಹಿಂದಕ್ಕೆ ಲೆಕ್ಕ ಹಾಕಿದರೆ ಆ ಜೋಡಿ ಹದಿನೆಂಟನೆಯ ಶತಮಾನದ ನಡುಭಾಗದ್ದು, ಸೆರೆಗೂ ಮುಂಚೆ ಹುಟ್ಟಿದವರು. ಯಾವ ರಿಜಿಸ್ಟರೂ ತಲುಪದ ಕಾಲದ ಒಂದು ದಂಪತಿಯ ಇರವನ್ನು 1850ರ ದಶಕದ ಒಂದು ವಾಕ್ಯ ಸಾಬೀತು ಮಾಡಿತ್ತು. ಪಾದ್ರಿಯ ಮುಂದೆ ಹಿರಿಯರು ಕೂತು ಯಾರು ಯಾರ ಮಗನೆಂದು ಬಾಯಿಲೆಕ್ಕ ಕೊಟ್ಟಿರದಿದ್ದರೆ ಆ ವಿನಾಯಿತಿಯ ಕಾಗದವೇ ಆಗುತ್ತಿರಲಿಲ್ಲ. ಆ ಹಿರಿಯರಲ್ಲಿ ಕೆಲವರಾದರೂ ಶ್ರೀರಂಗಪಟ್ಟಣದಿಂದ ಮರಳಿದವರನ್ನು ಕಣ್ಣಾರೆ ಕಂಡವರಾಗಿರಬೇಕು.

ಆದರೆ ಆ ವಾಕ್ಯ ಹೇಳದೇ ಬಿಟ್ಟದ್ದನ್ನೂ ಗಮನಿಸಬೇಕು. ಒಬ್ಬೊಬ್ಬರಿಗೂ ನಾಲ್ಕು ಜೋಡಿ ಮುತ್ತಜ್ಜ ಮುತ್ತಜ್ಜಿಯರು; ಸಮಾನವಾದದ್ದು ಯಾವ ಜೋಡಿ, ತಂದೆಯ ಕಡೆಯದೋ ತಾಯಿಯ ಕಡೆಯದೋ, ಎಂಬುದು ಅದರಲ್ಲಿಲ್ಲ. ಒಂದೇ ಕುಲನಾಮವಾದ್ದರಿಂದ ಗಂಡುಸಾಲಿನದೇ ಇರಬೇಕೆಂದು ಊಹಿಸುವುದು ಸುಲಭ. ಈ ಕುಲನಾಮಕ್ಕೆ ಸಂಬಂಧಿಸಿದಂತೆ ಅದು ಅಪಾಯದ ಊಹೆ. ಗಂಡುಸಾಲಿನ ಸಂಬಂಧಕ್ಕೆ ನಿಜವಾದ ಬಲ ಕೊಟ್ಟದ್ದು ಪಡುಮನೆಯವರ ಬಳಿ ಇದ್ದ ಒಂದು ಹಳೆಯ ಪಾಲುಪಟ್ಟಿಯ ನಕಲು. ಮೂಡುಮನೆ ಮತ್ತು ಪಡುಮನೆ ಎರಡೂ ಒಂದೇ ‘ವರ್ಗ’ದ (ಕಂದಾಯದ ಲೆಕ್ಕದ ಒಂದು ಹಿಡುವಳಿಯ) ಜಮೀನಿನ ಪಾಲುಗಳು ಎಂದೂ, ಅದನ್ನು ಇಬ್ಬರು ಸಹೋದರರು ಹಂಚಿಕೊಂಡರೆಂದೂ ಅದರಲ್ಲಿತ್ತು. ಆ ಇಬ್ಬರ ಹೆಸರುಗಳು, 1800ರ ನಂತರದ ಮೊದಲ ಮದುವೆ ನಮೂದುಗಳಲ್ಲಿ ಎರಡೂ ಮನೆಗಳ ತಂದೆಯರ ಹೆಸರಾಗಿ ಬರುವವರಿಗೆ ಹೊಂದುತ್ತಿದ್ದವು. ಅವರಲ್ಲಿ ಒಬ್ಬನ ಮರಣ 1840ರ ದಶಕದಲ್ಲಿ ದಾಖಲಾಗಿದ್ದು, ವಯಸ್ಸು ‘ಸುಮಾರು ಎಪ್ಪತ್ತು’ ಎಂದು ಬರೆದಿದೆ. ಮರಣದ ಪುಸ್ತಕದ ವಯಸ್ಸುಗಳು ಬಹುಪಾಲು ಅಂದಾಜಿನವು; ಹತ್ತು ವರ್ಷ ಹೆಚ್ಚು ಕಡಿಮೆ ಮಾಡಿದರೂ, ಸೆರೆಯ ಹೊತ್ತಿಗೆ ಅವನು ಮಗುವೋ ಬಾಲಕನೋ ತರುಣನೋ ಆಗಿರಬೇಕು. ಹಾಳೆಯಲ್ಲಿ ಮೂಲಪುರುಷನಿಗೆ ಇಟ್ಟಿದ್ದ ಹೆಸರು ಮಾತ್ರ ಅವನದ್ದಲ್ಲ, ಅವನ ಮೊಮ್ಮಗನದ್ದು.

ಗೋವೆಯ ಗೆರೆಯನ್ನು ಎಳೆಯದಿದ್ದದ್ದು

ಇಷ್ಟಾದ ಮೇಲೆ ಮನೆಯವರ ಉತ್ಸಾಹ ಗೋವೆಯ ಕಡೆಗೆ ತಿರುಗಿತು. ಬಾರ್ದೇಸಿನ ಆ ಗ್ರಾಮದ ಹಳೆಯ ಜ್ಞಾನಸ್ನಾನ ಪುಸ್ತಕದಲ್ಲಿ ಅದೇ ಕುಲನಾಮದ, ಆ ಇಬ್ಬರು ಸಹೋದರರಲ್ಲಿ ಒಬ್ಬನ ಹೆಸರಿರುವ ನಮೂದೊಂದನ್ನು ಕುಟುಂಬದ ತರುಣಿಯೊಬ್ಬರು ಪತ್ತೆಮಾಡಿದರು. ಕಾಲವೂ ಹೆಚ್ಚು ಕಡಿಮೆ ಸರಿಯಾಗಿತ್ತು. ಪುಸ್ತಕ ಅಚ್ಚಿಗೆ ಹೋಗುವ ದಿನ ಹತ್ತಿರವಾಗಿತ್ತು. ಇದನ್ನು ಸೇರಿಸಬಾರದೆಂದು ನಾನು ಗಟ್ಟಿಯಾಗಿ ಹೇಳಿದೆ. ಈ ಪ್ರಕರಣದಲ್ಲಿ ಬಹಳ ಹೊತ್ತು ಚರ್ಚೆ ನಡೆದದ್ದು ಇದರ ಮೇಲೆಯೇ.

ನನ್ನ ಕಾರಣಗಳು ಹೀಗಿದ್ದವು. ಗೋವೆಯಿಂದ ಕೆನರಾಕ್ಕೆ ಜನ ಬಂದದ್ದು ಒಂದೇ ಸಲವಲ್ಲ. 1560ರಲ್ಲಿ ಇನ್‌ಕ್ವಿಸಿಷನ್ (ಇಗರ್ಜಿಯ ಧರ್ಮವಿಚಾರಣಾ ನ್ಯಾಯಾಲಯ) ಗೋವೆಗೆ ಬಂದ ನಂತರ, ಬರಗಾಲ ಮತ್ತು ಪಿಡುಗುಗಳ ಕಾಲದಲ್ಲಿ, 1683ರಲ್ಲಿ ಸಂಭಾಜಿಯ ದಂಡು ನುಗ್ಗಿದಾಗ, ಮತ್ತೆ 1730ರ ದಶಕದ ಕೊನೆಯಲ್ಲಿ ಮರಾಠರ ಯುದ್ಧದ ಹೊತ್ತಿಗೆ, ಹೀಗೆ ಅಲೆ ಅಲೆಯಾಗಿ ಬಂದರು. ಈ ಕುಟುಂಬ ಯಾವ ಅಲೆಯಲ್ಲಿ ಬಂದದ್ದು ಎಂಬುದಕ್ಕೆ ನಮ್ಮಲ್ಲಿ ಒಂದೇ ಒಂದು ಸುಳಿವಿರಲಿಲ್ಲ. ಸಹೋದರರು ಕೆನರಾದಲ್ಲೇ ಹುಟ್ಟಿದ್ದರೆ, ಅದೇ ಹೆಚ್ಚು ಸಂಭವ, ಅವರ ಜ್ಞಾನಸ್ನಾನ ಗೋವೆಯ ಪುಸ್ತಕದಲ್ಲಿರಲು ಸಾಧ್ಯವೇ ಇಲ್ಲ. ಅಲ್ಲಿ ಸಿಕ್ಕವನು ಬೇರೆಯವನು. ನಮೂದಿನಲ್ಲಿದ್ದ ತಂದೆಯ ಹೆಸರನ್ನು ಹೋಲಿಸಲು ನಮ್ಮ ಬಳಿ ತಂದೆಯ ಹೆಸರೇ ಇರಲಿಲ್ಲ. ಉಳಿದದ್ದು ಹೆಸರು ಮತ್ತು ಕುಲನಾಮದ ಹೋಲಿಕೆ. ಅಷ್ಟನ್ನೇ ನಂಬಿದ್ದರೆ ಎರಡನೆಯ ಜುವಾಂವನೇ ಇಂದಿಗೂ ಈ ಕುಟುಂಬದ ಪೂರ್ವಜನಾಗಿರುತ್ತಿದ್ದ.

ಚಿಕ್ಕಪ್ಪನವರು 1970ರ ದಶಕದ ಹಾಳೆ ಬರೆದವರ ಶ್ರಮವನ್ನು ಸುಳ್ಳೆಂದು ಹೇಳಿದಂತಾಗುತ್ತದೆ ಎಂದು ಬೇಸರಪಟ್ಟರು. ಅದು ನ್ಯಾಯವಾದ ಮಾತು. ಆ ಹಾಳೆಯಲ್ಲಿ ಪೆದ್ರುವಿನಿಂದ ಕೆಳಗಿನದೆಲ್ಲ ಒಂದೆರಡು ಹೆಸರುಗಳನ್ನು ಬಿಟ್ಟರೆ ಸರಿಯಾಗಿಯೇ ಇತ್ತು. ಬರೆದವರು ತಾವು ಕಂಡವರನ್ನೂ ಕಂಡವರಿಂದ ಕೇಳಿದ್ದನ್ನೂ ನಿಷ್ಠೆಯಿಂದ ದಾಖಲಿಸಿದ್ದರು. ಬಾಯಿಂದ ಬಾಯಿಗೆ ಬಂದ ನೆನಪು ಈ ಕುಟುಂಬದಲ್ಲಿ ಸುಮಾರು ನಾಲ್ಕು ತಲೆಮಾರಿನವರೆಗೆ ನಂಬಿಕೆಗೆ ಅರ್ಹವಾಗಿತ್ತು; ಅದಕ್ಕಿಂತ ಮೇಲೆ ಘಟನೆ ಉಳಿದಿತ್ತು, ಹೆಸರು ಜಾರಿತ್ತು. ಸೆರೆಯ ನೆನಪನ್ನು ಅಳಿಸುವ ಕಾರಣವಿಲ್ಲ, ಅದನ್ನು ನೆನಪೆಂದೇ ಬರೆಯಬೇಕು ಎಂಬ ತೀರ್ಮಾನಕ್ಕೆ ಕೊನೆಗೆ ಎಲ್ಲರೂ ಬಂದರು.

ಫಲಿತಾಂಶ ಮತ್ತು ಅದರಿಂದ ತಿಳಿದದ್ದು

ಅಚ್ಚಾದ ವಂಶವೃಕ್ಷದಲ್ಲಿ ಮೂರು ಬಗೆಯ ಗೆರೆಗಳಿವೆ. ಎರಡು ದಾಖಲೆಗಳು ಹೊಂದಿದ ಸಂಬಂಧಕ್ಕೆ ತುಂಬು ಗೆರೆ. ಇಬ್ಬರು ಸಹೋದರರಿಂದ ಹೆಸರಿಲ್ಲದ ಆ ದಂಪತಿಗೆ ಹೋಗುವ, ತರ್ಕದಿಂದ ತಲುಪಿದ ಸಂಬಂಧಕ್ಕೆ ತುಂಡು ಗೆರೆ. ಗೋವೆ, ‘ಪ್ರಭು’ ಮನೆತನ, ಶ್ರೀರಂಗಪಟ್ಟಣದ ಸೆರೆ ಇವಕ್ಕೆ ಗೆರೆಯೇ ಇಲ್ಲ. ಅವು ‘ಕುಟುಂಬದ ನೆನಪು’ ಎಂಬ ಪ್ರತ್ಯೇಕ ಅಧ್ಯಾಯದಲ್ಲಿ, ಯಾರು ಯಾರಿಂದ ಕೇಳಿದ್ದು ಎಂಬ ವಿವರದೊಂದಿಗೆ ಇವೆ. ತಂದೆಯ ಹೆಸರಿಲ್ಲದ ಒಂದು ಜ್ಞಾನಸ್ನಾನವೂ ನಮ್ಮ ಚೀಟಿಗಳಲ್ಲಿ ಬಂದಿತ್ತು. ಶತಮಾನ ಕಳೆದಿದ್ದರೂ ಆ ತಾಯಿಯ ಸಂತತಿಯವರು ಊರಿನಲ್ಲಿದ್ದಾರೆ. ಅದನ್ನು ಅಚ್ಚು ಮಾಡಲಿಲ್ಲ. ವಂಶದ ಸಾಲಿಗೆ ಅದರ ಅಗತ್ಯವೂ ಇರಲಿಲ್ಲ. ವಿಗಾರರಿಗೆ ಕೊಟ್ಟ ಮಾತು ಇಂಥದಕ್ಕೇ ಇರುವುದು.

ಇಂಥ ಕೆಲಸ ಕೈಗೊಳ್ಳುವವರಿಗೆ ಈ ಪ್ರಕರಣದಿಂದ ನಾನು ಮುಖ್ಯವಾಗಿ ಹೇಳಬಯಸುವುದು ಇಗರ್ಜಿಯ ರಿಜಿಸ್ಟರಿನ ಸ್ವಭಾವದ ಬಗ್ಗೆ. ಅದು ಕುಟುಂಬದ ಪುಸ್ತಕವಲ್ಲ. ಒಂದು ಅಧಿಕಾರದ ಅಡಿಯಲ್ಲಿ ಒಬ್ಬ ಗುರು ನೆರವೇರಿಸಿದ ಸಂಸ್ಕಾರಗಳ ಪುಸ್ತಕ. ಅಧಿಕಾರ ಬದಲಾದಾಗ ಪುಸ್ತಕ ಬದಲಾಗುತ್ತದೆ, ಭಾಷೆ ಬದಲಾಗುತ್ತದೆ, ಕೆಲವೊಮ್ಮೆ ಕಪಾಟೇ ಬೇರೆ ಊರಿಗೆ ಹೋಗುತ್ತದೆ. ಜನ ಮಾತ್ರ ಅದೇ ಹಿತ್ತಿಲಿನಲ್ಲಿ ಇರುತ್ತಾರೆ. ಆದ್ದರಿಂದ ಕುಲನಾಮ ಹಿಡಿದು ಹೊರಡುವ ಮುನ್ನ, ಆ ಊರಿನ ಇಗರ್ಜಿ ಯಾವ ಯಾವ ಕಾಲಕ್ಕೆ ಗೋವೆಗೆ, ಯಾವ ಕಾಲಕ್ಕೆ ವರಾಪುಳಕ್ಕೆ, ಯಾವಾಗ ಮಂಗಳೂರಿಗೆ, ಯಾವಾಗ ಮಾತೃ ಧರ್ಮಕೇಂದ್ರದಿಂದ ಬೇರ್ಪಟ್ಟು ಸ್ವತಂತ್ರವಾಯಿತು ಎಂಬ ಪಟ್ಟಿ ಮಾಡಿಕೊಂಡರೆ ಅರ್ಧ ಕೆಲಸ ಹಗುರವಾಗುತ್ತದೆ. ಉಡುಪಿ ಧರ್ಮಪ್ರಾಂತ್ಯ 2012ರಲ್ಲಿ ಮಂಗಳೂರಿನಿಂದ ಬೇರೆಯಾದದ್ದನ್ನೂ ಈ ಪಟ್ಟಿಯಲ್ಲಿ ಬರೆದುಕೊಳ್ಳಬೇಕು, ಯಾಕೆಂದರೆ ಅದಕ್ಕೂ ಹಿಂದಿನ ಬಿಷಪ್ಪರ ಪತ್ರವ್ಯವಹಾರವನ್ನು ಕೇಳಬೇಕಾದದ್ದು ಮಂಗಳೂರಿನಲ್ಲಿ.

ಇಪ್ಪತ್ತನೆಯ ಶತಮಾನದ ಕೊಂಬೆಗಳಿಗೆ ನೆರವಾದ ಇನ್ನೊಂದು ಅಂಶವಿದೆ. 1908ರಿಂದ ಜಾರಿಗೆ ಬಂದ ನಿಯಮದಂತೆ, ಮದುವೆ ಎಲ್ಲೇ ನಡೆದರೂ ಅದರ ಮಾಹಿತಿಯನ್ನು ವಧು ವರರ ಜ್ಞಾನಸ್ನಾನವಾದ ಇಗರ್ಜಿಗೆ ಕಳುಹಿಸಿ, ಅಲ್ಲಿನ ನಮೂದಿನ ಅಂಚಿನಲ್ಲಿ ಬರೆಯಬೇಕು. ಮುಂಬೈಗೆ ಹೋಗಿ ನೆಲೆಸಿದ ಹಲವರನ್ನು ನಾವು ಪತ್ತೆಮಾಡಿದ್ದು ಊರಿನ ಪುಸ್ತಕದ ಅಂಚಿನಿಂದಲೇ. ನಕಲು ಮಾಡಿಕೊಳ್ಳುವವರು ನಮೂದನ್ನಷ್ಟೇ ಬರೆದುಕೊಂಡು ಅಂಚನ್ನು ಬಿಟ್ಟುಬಿಡುವುದನ್ನು ಅನೇಕ ಸಲ ಕಂಡಿದ್ದೇನೆ.

ಕುಟುಂಬ ಸೇರಿದ ದಿನಕ್ಕೆ ಲುವಿಸನ ವಂಶದವರನ್ನೂ ಕರೆಯಬೇಕೆಂದು ಹೇಳಿದವರು ಚಿಕ್ಕಪ್ಪನವರೇ. ಪ್ರಾರ್ಥನಾ ಪುಸ್ತಕದ ಹಾಳೆಯನ್ನು ಕಣ್ಣಾರೆ ಕಂಡ ಮೇಲೆ ಅವರು ಘಟ್ಟದ ಮಾತನ್ನು ಮತ್ತೆ ಎತ್ತಿರಲಿಲ್ಲ. ಆಮಂತ್ರಣ ಕೊಡಲು ಅವರೇ ಹೋದರು. ಎರಡೂ ಕಡೆಯ ಗುರುಗಳು ಬಂದಿದ್ದರು. ಚೀಟಿಗಳ ಒಂದು ಪೂರ್ಣ ಪ್ರತಿಯನ್ನು ಅಕಾರಾದಿ ಸೂಚಿಯೊಂದಿಗೆ ವಿಗಾರರ ವಶಕ್ಕೆ ಕೊಡಲಾಗಿದೆ. ಮೊದಲ ಇಬ್ಬರು ಜುವಾಂವ್‌ಗಳ ವಂಶದವರು ಮುಂದೆ ಹುಡುಕಿಕೊಂಡು ಬಂದರೆ ಮೂಲ ಪುಸ್ತಕದ ಹಾಳೆಗಳನ್ನು ಮತ್ತೆ ತಿರುವದೆಯೇ ಅವರಿಗೆ ಬಹಳಷ್ಟು ಸಿಗುತ್ತದೆ. ಪಡುಮನೆಯ ಹೆಣ್ಣುಮಕ್ಕಳು ಮದುವೆಯಾಗಿ ಹೋದ ಸಾಲುಗಳ ಕೆಲಸ ಇನ್ನೂ ಬಾಕಿ ಇದೆ. ಅವರಲ್ಲಿ ಇಬ್ಬರ ಮದುವೆಗಳು ಹೊಳೆಯ ದಕ್ಷಿಣದ, ಆಗ ಮಂಗಳೂರಿಗೆ ಸೇರಿದ್ದ ಇಗರ್ಜಿಯೊಂದರಲ್ಲಿ ಆದಂತೆ ತೋರುತ್ತಿದ್ದು, ಅಲ್ಲಿನ ವಿಗಾರರಿಗೆ ಶಿಕ್ಷಕಿಯವರು ಅರ್ಜಿ ಕೊಟ್ಟಿದ್ದಾರೆ.